ತಪ್ಪಿಗೆ ಎಡೆಯಿಲ್ಲದ ವಿದ್ಯೆ

ಮನುಷ್ಯನು ಯಾವ ವಿದ್ಯೆಯನ್ನೇ ಆಗಲಿ ತಪ್ಪು ಮಾಡುತ್ತಲೇ ಕಲಿಯುತ್ತಾನೆ. ಈಜು ಕಲಿಯುವ ಹುಡುಗ ಹತ್ತು ಸಲ ನೀರು ಕುಡಿಯುತ್ತಾನೆ. ಸೈಕಲ್ ಕಲಿಯುವವನ ಮೊಣಕಾಲು ತರಚುತ್ತದೆ. ಕುಂಬಾರನ ಮಗ ಮಾಡಿದ ಮೊದಲ ಮಡಕೆ ಸೊಟ್ಟಗಾಗುತ್ತದೆ. ಬಿದ್ದವನು ಏಳುತ್ತಾನೆ, ಕೆಟ್ಟ ಮಡಕೆಯ ಹಸಿಮಣ್ಣು ಮತ್ತೆ ತಿಗರಿಯನ್ನೇರುತ್ತದೆ. ಆದರೆ ಮೊದಲ ತಪ್ಪನ್ನೇ ಕ್ಷಮಿಸದ ವಿದ್ಯೆಗಳೂ ಉಂಟು. ವಿಷದ ಹಾವನ್ನು ಸಾಕುವುದು ಅವುಗಳಲ್ಲಿ ಒಂದು.

ಹಾವುಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿಟ್ಟು ಸಾಕುವ ಹವ್ಯಾಸ ಅಮೆರಿಕ, ಯೂರೋಪುಗಳಲ್ಲಿ ಬಹಳ ಮಂದಿಗೆ ಇದೆ. ವಿಷವಿಲ್ಲದ ಹಾವೊಂದನ್ನು ಒಂದೆರಡು ವರ್ಷ ಸಾಕಿದ ತರುಣನಿಗೆ, ಇನ್ನು ನಾಗರವನ್ನೋ ಮಂಡಲವನ್ನೋ ತಂದಿಡಬೇಕೆಂಬ ಆಸೆ ಮೂಡುವುದುಂಟು. ಆ ಆಸೆಯನ್ನು ಹಳಿಯಬೇಕಾಗಿಲ್ಲ. ಕಂಡ ಹಾವನ್ನೆಲ್ಲ ಬಡಿದು ಕೊಲ್ಲುವವನಿಗಿಂತ ಅದರ ಚೆಲುವಿಗೆ ಮನಸೋತವನು ಮೇಲು. "ನಾನು ಎಚ್ಚರದಿಂದಿರುತ್ತೇನೆ" ಎಂದು ಅವನು ಹೇಳುವ ಮಾತೂ ಸುಳ್ಳಾಗಿರಲಾರದು. ಆದರೆ ಎಚ್ಚರ ತಪ್ಪಿದ ಒಂದು ದಿನ ಏನಾದೀತು ಎಂಬುದನ್ನು ಅವನು ಆಲೋಚಿಸಿರುವುದಿಲ್ಲ.

ಅನುಭವಿಗಳಿಗೂ ಅಂಥ ದಿನ ಬರುತ್ತದೆ. ಕಾರ್ಲ್ ಶ್ಮಿಟ್ ಅಮೆರಿಕದ ಹೆಸರಾಂತ ಸರೀಸೃಪ ವಿಜ್ಞಾನಿ. ಶಿಕಾಗೋ ನಗರದ ದೊಡ್ಡ ವಸ್ತುಸಂಗ್ರಹಾಲಯದಲ್ಲಿ ದಶಕಗಳ ಕಾಲ ದುಡಿದವರು. 1957ರ ಸೆಪ್ಟೆಂಬರ್ 25ರಂದು, ಅವರಿಗೆ 67 ವರ್ಷವಾಗಿದ್ದಾಗ, ಗುರುತಿಸಿಕೊಡಬೇಕೆಂಬ ಕೋರಿಕೆಯೊಡನೆ ಮೃಗಾಲಯದಿಂದ ಒಂದು ಎಳೆಯ ಹಾವು ಬಂದಿತು. ಅದು ಬೂಮ್‌ಸ್ಲಾಂಗ್ ಎಂಬ ಆಫ್ರಿಕದ ಮರಹಾವು. ಶ್ಮಿಟ್ ಅದನ್ನು ತಲೆಗೆ ತೀರ ಸಮೀಪದಲ್ಲಿ ಹಿಡಿಯುವ ಬದಲು ತುಸು ಹಿಂದಕ್ಕೆ ಹಿಡಿದರು. ಹಾವು ತಿರುಗಿ ಅವರ ಎಡಗೈಯ ಹೆಬ್ಬೆರಳನ್ನು ಕಚ್ಚಿತು. ನೆಟ್ಟದ್ದು ಒಂದೇ ಹಲ್ಲು. ಅದೂ ಸುಮಾರು 3 ಮಿಲಿಮೀಟರಿನಷ್ಟು ಆಳಕ್ಕೆ. ಈ ಹಾವಿನ ಕಡಿತ ಅಷ್ಟೇನೂ ಅಪಾಯಕರವಲ್ಲವೆಂದು ಆಗ ಅನೇಕರು ಬಗೆದಿದ್ದರು. ಶ್ಮಿಟ್ ಆಸ್ಪತ್ರೆಗೆ ಹೋಗದೆ ರೈಲಿನಲ್ಲಿ ಮನೆಗೆ ಮರಳಿದರು. ಓಕರಿಕೆ, ಚಳಿ, ಜ್ವರ, ವಸಡಿನಿಂದ ಒಸರಿದ ರಕ್ತ, ಇವೆಲ್ಲವನ್ನೂ ಹೊತ್ತುಸಹಿತ ಬರೆದಿಟ್ಟರು. ಮರುದಿನ ಬೆಳಿಗ್ಗೆ ಉಪಾಹಾರ ಮಾಡಿದರು, ಅದನ್ನೂ ಬರೆದರು. ಅಪರಾಹ್ನದ ಹೊತ್ತಿಗೆ ಉಸಿರಾಟ ಕುಗ್ಗಿ ಅವರು ತೀರಿಕೊಂಡರು.

ಒಂದು ಆಯುಷ್ಯವನ್ನೇ ಹಾವುಗಳ ಅಧ್ಯಯನಕ್ಕೆ ಮುಡಿಪಾಗಿಟ್ಟವರ ಬೆರಳೇ ಒಂದು ಗಳಿಗೆ ತಪ್ಪಿತು. ಹೊಸಬನ ಬೆರಳು ಎಷ್ಟು ಸಲ ತಪ್ಪೀತು! ಹಾವನ್ನು ಪೆಟ್ಟಿಗೆಯಲ್ಲಿಟ್ಟ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ನೀರಿಡಬೇಕು, ಆಹಾರ ಕೊಡಬೇಕು, ಹೊಲಸು ತೆಗೆಯಬೇಕು. ಹೀಗೆ ವರ್ಷಗಟ್ಟಲೆ ಪೆಟ್ಟಿಗೆಯ ಬಾಗಿಲು ತೆರೆಯುತ್ತಲೇ ಇರಬೇಕು. ನಾಯಿಯಂತೆ ಹಾವು ಒಡೆಯನಿಗೆ ಒಲಿಯುವುದಿಲ್ಲ. ಬಾಗಿಲು ಹಾಕಲು ಮರೆತ ದಿನ ಅಪಾಯಕ್ಕೆ ಸಿಲುಕುವವರು ಮನೆಯ ಮಕ್ಕಳು, ನೆರೆಯವರು. ಆದುದರಿಂದಲೇ ಅಮೆರಿಕದ ಫ್ಲಾರಿಡಾ ರಾಜ್ಯದಲ್ಲಿ ವಿಷದ ಹಾವನ್ನು ಸಾಕಲು ಪರವಾನಗಿ ಬೇಕು. ಅದನ್ನು ಪಡೆಯುವವನಿಗೆ 18 ವರ್ಷ ತುಂಬಿರಬೇಕು; 1000 ಗಂಟೆಗಳ ಅನುಭವವನ್ನೂ ಅವನು ತೋರಿಸಬೇಕು.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಾಗರಹಾವನ್ನು ಹಿಡಿದು ಮನೆಯಲ್ಲಿ ಸಾಕುವುದು ಅಪರಾಧ. ಆದರೆ ಸರ್ಕಾರದ ಅನುಮತಿ ಪಡೆದು ಲೋಕಹಿತಕ್ಕಾಗಿ ಹಾವು ಹಿಡಿಯುವವರು ಇದ್ದಾರೆ. ತಮಿಳುನಾಡಿನ ಇರುಳರು ತಲೆಮಾರುಗಳಿಂದ ಈ ವಿದ್ಯೆಯನ್ನು ಬಲ್ಲವರು. 1978ರಲ್ಲಿ ಅವರ ಸಹಕಾರ ಸಂಘ ಸ್ಥಾಪನೆಯಾಯಿತು. ಹಿಡಿದ ಹಾವುಗಳನ್ನು ಅವರು ಮಣ್ಣಿನ ಮಡಕೆಗಳಲ್ಲಿ ಕೆಲವೇ ವಾರ ಇರಿಸಿಕೊಂಡು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಉರಿಮಂಡಲ, ಈ ನಾಲ್ಕರ ವಿಷದಿಂದ ಪ್ರತಿವಿಷದ ಔಷಧ ಸಿದ್ಧವಾಗುತ್ತದೆ. 2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಡಿದು ಸತ್ತವರು ಸುಮಾರು 12 ಲಕ್ಷವೆಂದು ಅಂದಾಜು; ಅವರಲ್ಲಿ ಬಹುಪಾಲು ಹಳ್ಳಿಯ ಜನ. ಹೊಲದಲ್ಲಿ ದುಡಿಯುವಾಗ ಕಡಿತಕ್ಕೊಳಗಾದವನ ಪ್ರಾಣ ಉಳಿಸಬೇಕಾದ ಔಷಧವನ್ನು, ಬೆರಗಿಗಾಗಿ ಹಾವು ತಂದಿಟ್ಟವನು ಬಳಸುವಂತಾದರೆ ಅದು ನ್ಯಾಯವೇ?

ಹಾಗಾದರೆ ಹಾವಿಗೆ ಮನಸೋತ ಹೊಸಬ ಮಾಡಬೇಕಾದುದೇನು? ಅವನು ಹಾವುಗಳ ಬಗ್ಗೆ ಓದಲಿ. ಕೇರೆ ಯಾವುದು, ನಾಗರ ಯಾವುದು ಎಂದು ದೂರದಿಂದ ಗುರುತಿಸಲು ಕಲಿಯಲಿ. ಬಲ್ಲವರ ಕೆಲಸವನ್ನು ಬದಿಯಲ್ಲಿ ನಿಂತು ನೋಡಲಿ. ಗದ್ದೆಯ ಬದುವಿನ ಮೇಲೆ ಹರಿದುಹೋಗುವ ನಾಗರನನ್ನು ಹತ್ತು ಮಾರು ದೂರದಲ್ಲಿ ನಿಂತು, ಅದು ಹುತ್ತ ಸೇರುವವರೆಗೆ ನೋಡಬಲ್ಲ ತಾಳ್ಮೆ ಬಂದರೆ, ಅವನ ವಿದ್ಯೆ ಚೆನ್ನಾಗಿಯೇ ಆರಂಭವಾಯಿತೆನ್ನಬಹುದು.