ಕಾಲಿಗೊಂದು ಲೆಕ್ಕ, ಉಸಿರಿಗೊಂದು ಲೆಕ್ಕ

ನೇಪಾಳದ ಲುಕ್ಲಾ ವಿಮಾನ ನಿಲ್ದಾಣದ ರನ್‌ವೇ ಬರೀ 527 ಮೀಟರ್ ಉದ್ದ. ಒಂದು ತುದಿಗೆ ಬೆಟ್ಟದ ಗೋಡೆ, ಇನ್ನೊಂದು ತುದಿಗೆ ಪ್ರಪಾತ. ಎವರೆಸ್ಟ್ ಬೇಸ್ ಕ್ಯಾಂಪಿಗೆ ಹೊರಟ ಚಾರಣಿಗರಲ್ಲಿ ಬಹುಪಾಲು ಮಂದಿ ನಡಿಗೆ ಶುರು ಮಾಡುವುದು ಇಲ್ಲಿಂದಲೇ. ಈ ಊರಿನ ಎತ್ತರ ಸುಮಾರು 2,850 ಮೀಟರ್. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ಅಂದರೆ ಕನ್ನಡನಾಡಿನ ಹುಡುಗನೊಬ್ಬ ವಿಮಾನದಿಂದ ಕೆಳಗಿಳಿದ ಕ್ಷಣದಲ್ಲೇ ತನ್ನ ನಾಡಿನ ಎಲ್ಲ ಬೆಟ್ಟಗಳಿಗಿಂತ 900 ಮೀಟರಿಗೂ ಹೆಚ್ಚು ಮೇಲಿರುತ್ತಾನೆ. ಅದೂ ಒಂದು ಹೆಜ್ಜೆಯನ್ನೂ ಹತ್ತದೆ!

ಲುಕ್ಲಾದಿಂದ ಬೇಸ್ ಕ್ಯಾಂಪಿಗೆ ಹೋಗಿಬರುವ ದೂರ ಸುಮಾರು 130 ಕಿಲೋಮೀಟರ್. ದಿನಕ್ಕೆ 20 ಕಿಲೋಮೀಟರ್ ನಡೆದರೆ ಒಂದು ವಾರದ ಕೆಲಸ ಎಂದು ಕಾಲೇಜು ಹುಡುಗರು ಲೆಕ್ಕ ಹಾಕುತ್ತಾರೆ. ಆದರೆ ಅನುಭವಿಗಳು 12 ದಿನಕ್ಕಿಂತ ಕಡಿಮೆ ಇಟ್ಟುಕೊಳ್ಳುವುದಿಲ್ಲ. ಉಳಿದ ದಿನಗಳು ಯಾತಕ್ಕೆ?

ಮಲಗುವ ಎತ್ತರ

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತದ ತುದಿಗೆ ಸುಮಾರು 1,500 ಮೀಟರ್ ಏರು. ಗಟ್ಟಿಗರು ಒಂದೇ ದಿನದಲ್ಲಿ ಹತ್ತುತ್ತಾರೆ. ಮರುದಿನ ತೊಡೆ ಹಿಡಿದುಕೊಳ್ಳಬಹುದು, ಅಷ್ಟೇ. ಹಿಮಾಲಯದಲ್ಲಿ ಈ ಧೈರ್ಯ ಕೆಲಸಕ್ಕೆ ಬಾರದು. ಎತ್ತರ ಏರಿದಂತೆ ಗಾಳಿಯ ಒತ್ತಡ ಕುಗ್ಗುತ್ತದೆ. 5,500 ಮೀಟರಿನಲ್ಲಿ ಅದು ಸಮುದ್ರ ಮಟ್ಟದ ಒತ್ತಡದ ಸುಮಾರು ಅರ್ಧ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕವೂ ಅಷ್ಟೇ ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಆದರೆ ಅದಕ್ಕೆ ದಿನಗಳು ಬೇಕು.

ಆದ್ದರಿಂದ ಪರ್ವತ ವೈದ್ಯರು ಹೇಳುವ ಸೂತ್ರ ಇದು: 3,000 ಮೀಟರ್ ದಾಟಿದ ಮೇಲೆ ರಾತ್ರಿ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಕ್ಕೊಮ್ಮೆ ಒಂದೇ ಎತ್ತರದಲ್ಲಿ ಎರಡು ರಾತ್ರಿ ಕಳೆಯಬೇಕು. ಹಗಲು ಮೇಲೆ ಹತ್ತಿ ಬಂದರೂ ರಾತ್ರಿ ಕೆಳಗೆ ಮಲಗುವುದು ಕ್ಷೇಮ.

ಹಳ್ಳಿಯಿಂದ ಹಳ್ಳಿಗೆ

ಈ ಸೂತ್ರವನ್ನು ದಾರಿಯ ಮೇಲಿಟ್ಟು ನೋಡೋಣ. ಮೊದಲ ದಿನ ಲುಕ್ಲಾದಿಂದ ಫಾಕ್ಡಿಂಗ್‌ಗೆ ಇಳಿಯುವ ನಡಿಗೆ. ಅಲ್ಲಿ 2,610 ಮೀಟರ್. ಎರಡನೆಯ ದಿನ ದೂಧ್‌ಕೋಸಿ ನದಿಯ ತೂಗುಸೇತುವೆಗಳನ್ನು ದಾಟಿ, ಏದುಸಿರು ಬಿಡುತ್ತ ನಾಮ್ಚೆ ಬಜಾರ್ ತಲುಪಿದರೆ 3,440. ಒಂದೇ ದಿನಕ್ಕೆ 830 ಮೀಟರ್! ಅದಕ್ಕಾಗಿಯೇ ಮೂರನೆಯ ದಿನ ನಾಮ್ಚೆಯಲ್ಲೇ ತಂಗುವುದು. ಹಾಗೆಂದು ಹಾಸಿಗೆ ಹಿಡಿದು ಮಲಗುವುದಲ್ಲ. 3,790 ಮೀಟರಿನ ಖುಮ್‌ಜುಂಗ್ ಹಳ್ಳಿಗೆ ಹತ್ತಿ, ಎಡ್ಮಂಡ್ ಹಿಲರಿ 1961ರಲ್ಲಿ ಶೆರ್ಪಾ ಮಕ್ಕಳಿಗಾಗಿ ಕಟ್ಟಿಸಿದ ಶಾಲೆಯನ್ನು ನೋಡಿ, ಸಂಜೆಗೆ ನಾಮ್ಚೆಗೆ ಮರಳಬಹುದು.

ನಾಲ್ಕನೆಯ ದಿನ ಬೌದ್ಧ ವಿಹಾರವಿರುವ ತೆಂಗ್‌ಬೋಚೆ, 3,860 ಮೀಟರ್. ಕಾಗದದ ಮೇಲೆ ಏರು ಬರೀ 420. ಆದರೆ ದಾರಿ ನಡುವೆ 3,250 ಮೀಟರಿನವರೆಗೆ ನದಿಗೆ ಇಳಿದು ಮತ್ತೆ 600 ಮೀಟರ್ ಹತ್ತುತ್ತದೆ. ಇಲ್ಲಿ ಎರಡು ಲೆಕ್ಕ ಬೇರೆಯಾಗುವುದನ್ನು ಗಮನಿಸಬೇಕು. ಹತ್ತಿ ಇಳಿದ ಒಟ್ಟು ಮೀಟರು ಕಾಲಿನ ಲೆಕ್ಕ. ಮಲಗುವ ಎತ್ತರ ಉಸಿರಿನ ಲೆಕ್ಕ. ಒಂದನ್ನೇ ಬರೆದುಕೊಂಡು ಹೊರಟವರು ಇನ್ನೊಂದರಲ್ಲಿ ಎಡವುತ್ತಾರೆ.

ಐದನೆಯ ದಿನ ದಿಂಗ್‌ಬೋಚೆ, 4,410 ಮೀಟರ್. ಅಲ್ಲಿ ಮತ್ತೆ ಎರಡು ರಾತ್ರಿ. ಏಳನೆಯ ದಿನ ಲೊಬುಚೆ, 4,940. ಹೋಗುವಾಗ ಥುಕ್ಲಾ ಏರಿನ ಮೇಲೆ, ಪರ್ವತದಲ್ಲಿ ಪ್ರಾಣ ಬಿಟ್ಟ ಆರೋಹಿಗಳ ನೆನಪಿಗೆ ನಿಲ್ಲಿಸಿದ ಕಲ್ಲಿನ ಸ್ಮಾರಕಗಳು ಸಾಲಾಗಿ ಸಿಗುತ್ತವೆ. ಅಲ್ಲಿ ಮಾತು ತಾನಾಗಿಯೇ ನಿಲ್ಲುತ್ತದೆ. ಎಂಟನೆಯ ದಿನ ಗೋರಕ್‌ಶೆಪ್‌ನಲ್ಲಿ ಗಂಟು ಇಳಿಸಿ, 5,364 ಮೀಟರಿನ ಬೇಸ್ ಕ್ಯಾಂಪ್ ಮುಟ್ಟಿ ಹಿಂದಿರುಗುವುದು. ಮರುದಿನ ಮುಂಜಾನೆ ಕಾಲಾಪತ್ಥರ್ ಹತ್ತಿದರೆ ಎದುರಿಗೇ ಎವರೆಸ್ಟ್! ಹತ್ತಲು ಎಂಟು ದಿನ ಹಿಡಿದ ದಾರಿಯನ್ನು ಇಳಿಯಲು ಮೂರು ದಿನ ಸಾಕು.

ಉಳಿಸಬಾರದ ಎರಡು ದಿನ

ದಸರೆಯ ಹೊತ್ತಿಗೆ ಅಲ್ಲಿ ಮಳೆ ಹಿಂದೆ ಸರಿದು ಆಕಾಶ ತಿಳಿಯಾಗುತ್ತದೆ. ವಿದ್ಯಾರ್ಥಿಗಳಿಗೆ ಒಳ್ಳೆಯ ಸಮಯವೇ. ತೊಂದರೆ ರಜೆಯದು. ಕಾಲೇಜು ಶುರುವಾಗುವ ದಿನಕ್ಕೆ ಸರಿಹೊಂದಿಸಲು ಹುಡುಗರು ಮೊದಲು ಕತ್ತರಿ ಹಾಕುವುದು ನಾಮ್ಚೆ ಮತ್ತು ದಿಂಗ್‌ಬೋಚೆಯ ಆ ಎರಡು ದಿನಗಳಿಗೆ. ಟಿಕೆಟ್ಟು, ಖರ್ಚು ಎಂದು ದೊಡ್ಡವರೂ ತಲೆಯಾಡಿಸುತ್ತಾರೆ. ಎತ್ತರದ ಕಾಯಿಲೆ ಫುಟ್‌ಬಾಲ್ ಆಟಗಾರನನ್ನೂ ಬಿಡುವುದಿಲ್ಲ. ವಯಸ್ಸು, ಕಸುವು ಅದಕ್ಕೆ ರಕ್ಷೆಯಲ್ಲ. ಬೇಗ ನಡೆಯಬಲ್ಲವನು ಬೇಗ ಮೇಲೇರಿ ಬೇಗ ಕಾಯಿಲೆ ಬೀಳುವುದೇ ಹೆಚ್ಚು.

ತಲೆನೋವು, ಹಸಿವಿಲ್ಲದಿರುವುದು, ವಾಕರಿಕೆ ಮೊದಲ ಸೂಚನೆಗಳು. ಆಗ ಮೇಲೆ ಹೋಗಕೂಡದು. ನಡೆಯುವಾಗ ತೂರಾಡಿದರೆ, ಸುಮ್ಮನೆ ಕುಳಿತಾಗಲೂ ಉಸಿರು ಕಟ್ಟಿದರೆ, ರಾತ್ರಿಯಾದರೂ ಸರಿ, ಕೆಳಗಿಳಿಸಲೇಬೇಕು. ಮಿದುಳಿನಲ್ಲಿ ಅಥವಾ ಶ್ವಾಸಕೋಶದಲ್ಲಿ ನೀರು ತುಂಬುವ ಈ ಸ್ಥಿತಿ ಜೀವವನ್ನೇ ತೆಗೆಯಬಲ್ಲದು. ಮಾತ್ರೆಗಳಿವೆ, ಅವನ್ನು ವೈದ್ಯರನ್ನು ಕೇಳಿಯೇ ಒಯ್ಯಬೇಕು. ಇಳಿಯುವುದಕ್ಕೆ ಅವು ಬದಲಿಯಲ್ಲ.

ಇನ್ನು ಹವಾಮಾನ. ಮೋಡ ಕವಿದರೆ ಲುಕ್ಲಾಕ್ಕೆ ವಿಮಾನ ಹಾರುವುದಿಲ್ಲ. ಕೈಯಲ್ಲಿ ಒಂದೆರಡು ದಿನ ಮಿಗಿಸಿಕೊಳ್ಳದವರು ಅಲ್ಲಿ ಪರದಾಡುತ್ತಾರೆ. 2024ರ ಜೂನ್ ತಿಂಗಳಿನಲ್ಲಿ ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿ, ಕರ್ನಾಟಕದಿಂದ ಹೋಗಿದ್ದ ತಂಡದ 9 ಮಂದಿ ತೀರಿಕೊಂಡದ್ದನ್ನು ನಾಡು ಮರೆತಿಲ್ಲ. ಎತ್ತರದ ಬೆಟ್ಟದಲ್ಲಿ ಆಕಾಶ ಗಳಿಗೆಯಲ್ಲಿ ಮುಖ ತಿರುಗಿಸುತ್ತದೆ.

ಮಗ ಅಥವಾ ಮಗಳು ಚಾರಣಕ್ಕೆ ಹೊರಟಾಗ ಸ್ವೆಟರ್ ಇದೆಯೇ, ದುಡ್ಡು ಇದೆಯೇ ಎಂದು ಕೇಳದ ಅಪ್ಪ ಅಮ್ಮ ಇಲ್ಲ. ಇನ್ನೊಂದು ಪ್ರಶ್ನೆಯನ್ನೂ ಅದಕ್ಕೆ ಸೇರಿಸಿಕೊಳ್ಳಬೇಕು: "ಯಾವ ರಾತ್ರಿ ಎಷ್ಟು ಎತ್ತರದಲ್ಲಿ ಮಲಗುತ್ತೀರಿ?" ಒಂದು ಹಾಳೆಯಲ್ಲಿ ತಾರೀಖು, ಊರು, ಎತ್ತರ, ತಂಗುವ ದಿನ, ಮಿಗಿಸಿದ ದಿನ ಇಷ್ಟನ್ನೂ ಬರೆಸಿ ಒಂದು ಪ್ರತಿ ಮನೆಯಲ್ಲಿಟ್ಟುಕೊಳ್ಳಲಿ. ಅದರ ಕೆಳಗೆ ಅಪ್ಪನೋ ಅಮ್ಮನೋ ಒಂದು ಸಾಲು ಸೇರಿಸಲಿ: ಅರ್ಧದಿಂದ ಹಿಂದಿರುಗಿ ಬಂದರೂ ಈ ಮನೆಯಲ್ಲಿ ಯಾರೂ ಬೈಯುವುದಿಲ್ಲ.