ಕಾರಿನ ಬೆನ್ನಿಗೆ ಎರಡು ಸೈಕಲ್

ಬೆಂಗಳೂರಿನ ಜೆ.ಸಿ. ರಸ್ತೆ, ಶನಿವಾರ ಮಧ್ಯಾಹ್ನ. ಸೀಟ್ ಕವರ್, ಹಾರ್ನ್, ಫ್ಲೋರ್ ಮ್ಯಾಟ್ ತೂಗುಹಾಕಿದ ಅಂಗಡಿಗಳ ಸಾಲು ದಾಟಿ ಅಡ್ಡರಸ್ತೆಯೊಂದರಲ್ಲಿ ಭಾವನ ಬಿಳಿ ಹ್ಯಾಚ್‌ಬ್ಯಾಕ್ ನಿಲ್ಲುತ್ತದೆ. ಅದರ ಹಿಂದೆಯೇ ಬಂದ ಲಗೇಜ್ ಆಟೋದಿಂದ ನಾನು ಎರಡು ಸೈಕಲ್ ಇಳಿಸುತ್ತೇನೆ. ಒಂದು ಭಾವನ ಎಂಟಿಬಿ: ದಪ್ಪ ಟೈರು, ಡಿಸ್ಕ್ ಬ್ರೇಕು, 14 ಕಿಲೋ. ಇನ್ನೊಂದು ಅಕ್ಕನ ಹೈಬ್ರಿಡ್: ಸೀರೆ ಉಟ್ಟವರೂ ಹತ್ತಬಹುದಾದ ತಗ್ಗಿದ ಫ್ರೇಮು, ಹಿಂದೆ ಕ್ಯಾರಿಯರ್, ಎಲ್ಲ ಸೇರಿ 15 ಕಿಲೋ. ಮದುವೆಯಾದ ಮೇಲೆ ಬಿಟ್ಟಿದ್ದ ಸೈಕಲ್ ಸವಾರಿಯನ್ನು ಅಕ್ಕ ಈಚೆಗೆ ಮತ್ತೆ ಹಿಡಿದಿದ್ದಾಳೆ. ಜಯನಗರದಿಂದ ನಂದಿ ಬೆಟ್ಟದ ಬುಡಕ್ಕೆ ಅರವತ್ತು ಕಿಲೋಮೀಟರ್ ಮೀರುತ್ತದೆ. ಅದರಲ್ಲಿ ಬಹುಪಾಲು ಬಳ್ಳಾರಿ ರಸ್ತೆಯ ಲಾರಿ, ಟ್ಯಾಕ್ಸಿಗಳ ನಡುವೆ ಸಾಗಬೇಕು. ಅಲ್ಲಿ ಅವಳನ್ನು ಸೈಕಲ್ ಮೇಲೆ ಕಳಿಸಲು ಮನೆಯಲ್ಲಿ ಯಾರಿಗೂ ಧೈರ್ಯವಿಲ್ಲ. ಬೆಟ್ಟದ ಕೆಳಗಿನ ಹಳ್ಳಿ ರಸ್ತೆಗಳ ತನಕ ಸೈಕಲ್ಲು ಕಾರಿನಲ್ಲಿ ಹೋಗಲಿ, ಸವಾರಿ ಅಲ್ಲಿಂದ ಶುರುವಾಗಲಿ ಎಂದು ಮೂವರೂ ಒಪ್ಪಿಯೇ ಬಂದಿದ್ದೇವೆ.

“ಸೈಕಲ್ಲೂ ತಂದಿದೀರಲ್ಲ ಸರ್, ಒಳ್ಳೇದಾಯ್ತು,” ಎನ್ನುತ್ತಾನೆ ಫಿಟ್ಟರ್. ಐವತ್ತರ ಆಸುಪಾಸಿನವನು, ಕಿವಿಯ ಮೇಲೆ ಪೆನ್ಸಿಲ್. “ಬರೀ ಫೋಟೋ ತೋರಿಸಿ ಇದೇ ಬೇಕು ಅಂತಾರೆ. ಆಮೇಲೆ ಕೂರಲ್ಲ.”

ಭಾವನಿಗೆ ಮೊದಲಿನಿಂದಲೂ ರೂಫ್ ಕ್ಯಾರಿಯರ್ ಮೇಲೆ ಆಸೆ. ಫಿಟ್ಟರ್ ಪೆಟ್ಟಿಗೆ ತೆರೆದು ಉದ್ದನೆಯ ಅಲ್ಯೂಮಿನಿಯಂ ತಟ್ಟೆಯೊಂದನ್ನು ಬಾನೆಟ್ ಮೇಲೆ ಹಾಸಿದ ಗೋಣಿಚೀಲದ ಮೇಲಿಡುತ್ತಾನೆ. ಚಕ್ರಗಳೆರಡೂ ಈ ತಟ್ಟೆಯಲ್ಲಿ ಕೂರುತ್ತವೆ, ಪಕ್ಕದಿಂದ ಮೇಲೇಳುವ ತೋಳು ಫ್ರೇಮಿನ ಕೆಳಪೈಪನ್ನು ಹಿಡಿಯುತ್ತದೆ. ತಯಾರಿಸಿದ್ದು ಸ್ವೀಡನ್ನಿನ ಥುಲೆ ಕಂಪನಿ. 1942ರಲ್ಲಿ ಎರಿಕ್ ಥುಲಿನ್ ಎಂಬಾತ ಮೀನುಗಾರರಿಗೆ ಪೈಕ್ ಮೀನು ಹಿಡಿಯುವ ಸಾಧನ ಮಾಡಿಕೊಡುತ್ತ ಕಟ್ಟಿದ ಕಂಪನಿ ಅದು. ಕಾರಿನ ಕ್ಯಾರಿಯರುಗಳಿಗೆ ಕೈ ಹಾಕಿದ್ದು ಆಮೇಲೆ. ಈ ತಟ್ಟೆ ಹೊರುವುದು ಹೆಚ್ಚೆಂದರೆ 20 ಕಿಲೋ ತೂಕದ ಸೈಕಲ್, ಹಿಡಿಯುವುದು 80 ಮಿಲಿಮೀಟರ್‌ವರೆಗಿನ ದುಂಡು ಪೈಪು. ನಮ್ಮ ಎರಡೂ ಸೈಕಲ್ ಈ ಲೆಕ್ಕದಲ್ಲಿ ಪಾಸು.

ಆದರೆ ಫಿಟ್ಟರ್ ಕಣ್ಣಿಟ್ಟಿರುವುದು ಸೈಕಲ್ಲಿನ ಮೇಲಲ್ಲ, ಕಾರಿನ ನೆತ್ತಿಯ ಮೇಲೆ. ಅಂಚಿನ ಕಪ್ಪು ಪಟ್ಟಿಯನ್ನು ಬೆರಳಿನಿಂದ ತಟ್ಟುತ್ತಾನೆ. ಟಪ್ ಟಪ್ ಎಂದು ಪ್ಲಾಸ್ಟಿಕ್ಕಿನ ಸದ್ದು. “ಇದು ಶೋಗೆ ಸರ್. ಇದಕ್ಕೆ ಭಾರ ಹಾಕಂಗಿಲ್ಲ.” ಹೊರೆ ಹೊರುವ ನಿಜವಾದ ರೂಫ್ ರೈಲ್ ಒಳಗಿನ ಲೋಹಕ್ಕೆ ಬೋಲ್ಟಾಗಿರುತ್ತದೆ, ಎಷ್ಟು ಕಿಲೋ ತಡೆಯುತ್ತದೆಂದು ಕಂಪನಿಯೇ ಹೇಳಿರುತ್ತದೆ. ರೈಲಿಲ್ಲದ ಕಾರಿಗೂ ಅಡ್ಡಕಂಬಿ ಕೂರಿಸಬಹುದು. ಬಾಗಿಲಿನ ಚೌಕಟ್ಟಿನ ಮೇಲಂಚನ್ನು ಹಿಡಿಯುವ ಕ್ಲಾಂಪು ಬೇಕಾಗುತ್ತದೆ. ಅದು ಆಯಾ ಮಾಡೆಲಿಗೆ ಅಳತೆ ಮಾಡಿ ಮಾಡಿದ್ದೇ ಆಗಬೇಕು.

ನಾನು ಡ್ಯಾಶ್‌ಬೋರ್ಡಿನ ಗೂಡಿನಿಂದ ಕಾರಿನ ಕೈಪಿಡಿ ಹೊರತೆಗೆಯುತ್ತೇನೆ. ಇನ್ನೂ ಪ್ಲಾಸ್ಟಿಕ್ ಕವರಿನಲ್ಲೇ ಇದೆ. ಛಾವಣಿ ಹೊರಬಹುದಾದ ಭಾರ 50 ಕಿಲೋ. ಫಿಟ್ಟರ್ ಕಿವಿಯ ಮೇಲಿನ ಪೆನ್ಸಿಲ್ ಇಳಿಸಿ ಪೆಟ್ಟಿಗೆಯ ರಟ್ಟಿನ ಮೇಲೆಯೇ ಕೂಡುತ್ತಾನೆ: ಅಡ್ಡಕಂಬಿ ಮತ್ತು ಕಾಲುಗಳು 6, ಎರಡು ತಟ್ಟೆ 8, ಸೈಕಲ್ಲುಗಳು 14 ಮತ್ತು 15. ಒಟ್ಟು 43. ಎರಡು ಸೈಕಲ್ಲಿಗೆ ಸರಿ. ಮುಂದೆ ಮಗನ 12 ಕಿಲೋ ಸೈಕಲ್ಲೂ ಅದರ ತಟ್ಟೆಯೂ ಸೇರಿದರೆ 59. ಆಗಲ್ಲ. ಸೈಕಲ್ಲಿನ ತೂಕವನ್ನಷ್ಟೇ ಲೆಕ್ಕ ಹಾಕಿ, ಕಂಬಿ ಮತ್ತು ತಟ್ಟೆಯ ತೂಕ ಮರೆಯುವವರೇ ಹೆಚ್ಚು. ಅವೂ ಅದೇ 50ರೊಳಗೆ ಬರಬೇಕು.

ಅಷ್ಟರಲ್ಲಿ ಅಕ್ಕ ಸುಮ್ಮನೆ ತನ್ನ ಸೈಕಲ್ಲನ್ನು ಎರಡು ಕೈಯಲ್ಲಿ ಹಿಡಿದು ಮೇಲೆತ್ತಿ ನೋಡುತ್ತಾಳೆ. ಎದೆಯ ಮಟ್ಟಕ್ಕೆ ಬರುತ್ತದೆ. ಇನ್ನೂ ಮೇಲೆ ಹೋಗುವುದಿಲ್ಲ.

“ರೀ, ನೀವು ಊರಲ್ಲಿಲ್ಲದ ದಿನ ನಾನು ಇದನ್ನ ಮೇಲೆ ಹತ್ತಿಸೋದು ಹೇಗೆ?” ಎನ್ನುತ್ತಾಳೆ. ಮತ್ತೆ ನನ್ನತ್ತ ತಿರುಗಿ, “ನಮ್ಮ ಬೇಸ್‌ಮೆಂಟ್ ಬಾಗಿಲಲ್ಲಿ ಹಳದಿ ಬೋರ್ಡ್ ಇದೆಯಲ್ಲ, ಎಷ್ಟಿದೆಯೋ ಅದರ ಎತ್ತರ?”

2.1 ಮೀಟರ್. ಕಾರಿನ ಎತ್ತರ ಒಂದೂವರೆ ಮೀಟರ್, ಅದರ ಮೇಲೆ ಕಂಬಿ, ಕಂಬಿಯ ಮೇಲೆ ಮೀಟರಿಗಿಂತ ಎತ್ತರದ ಸೈಕಲ್. ಒಟ್ಟು 2.6 ಮೀಟರ್ ದಾಟುತ್ತದೆ. ನಿದ್ದೆಗಣ್ಣಿನಲ್ಲೋ ಸುಸ್ತಿನಲ್ಲೋ ಒಂದು ದಿನ ಮರೆತು ಒಳಗೆ ನುಗ್ಗಿದರೆ ಸೈಕಲ್ಲಿನ ಜೊತೆ ಕಾರಿನ ಛಾವಣಿಯೂ ಹೋಗುತ್ತದೆ. ಭಾವ ಬೋರ್ಡಿನ ಚಿತ್ರವನ್ನು ಮನಸ್ಸಿನಲ್ಲಿ ಕಂಡವನಂತೆ ಒಂದು ಗಳಿಗೆ ನಿಂತು, ತಟ್ಟೆಯನ್ನು ತಾನೇ ಪೆಟ್ಟಿಗೆಗೆ ವಾಪಸು ಇಡುತ್ತಾನೆ.

ಪಕ್ಕದಲ್ಲಿ ಥಾರ್ ಒಂದಕ್ಕೆ ಸ್ಟೀರಿಯೋ ಕೂರಿಸುತ್ತಿದ್ದಾರೆ. ಅದರ ಸ್ಟೆಪ್ನಿ ಹಿಂಬಾಗಿಲ ಮೇಲೇ ಇದೆ. ಅಂಥ ಗಾಡಿಗಳಿಗೆ ಸ್ಟೆಪ್ನಿಗೇ ಬಿಗಿಯುವ ಕ್ಯಾರಿಯರ್ ಉಂಟು; ಬಣ್ಣಕ್ಕೆ ಎಲ್ಲೂ ತಾಗದೆ ಗಟ್ಟಿಯಾಗಿ ಕೂರುತ್ತದೆ. ಇನ್ನೊಂದು ಬಗೆ ಟ್ರೈಲರ್ ಎಳೆಯುವ ಕೊಕ್ಕೆಯ ಮೇಲೆ ಕೂರುವಂಥದು. ಸೈಕಲ್ಲುಗಳು ಮೊಣಕಾಲೆತ್ತರದ ಅಡ್ಡೆಯ ಮೇಲೆ ಚಕ್ರ ಊರಿ ನಿಲ್ಲುತ್ತವೆ, ಹತ್ತಿಸುವುದು ಸಲೀಸು, ಇಪ್ಪತ್ತು ಕಿಲೋ ದಾಟುವ ಇ-ಸೈಕಲ್ಲಿಗೆ ಇದರಷ್ಟು ಹೇಳಿ ಮಾಡಿಸಿದ್ದು ಬೇರೆ ಇಲ್ಲ. ಯುರೋಪಿನಲ್ಲೂ ಅಮೆರಿಕದಲ್ಲೂ ಬಹಳ ಜನ ನೆಚ್ಚಿಕೊಂಡಿರುವುದು ಇದನ್ನೇ. ಆದರೆ ನಮ್ಮ ಸಣ್ಣ ಕಾರುಗಳಿಗೆ ಕಂಪನಿಯಿಂದ ಆ ಕೊಕ್ಕೆ ಬರುವುದಿಲ್ಲ. ಬಂಪರ್ ಕೊರೆದು, ಚಾಸಿಗೆ ವೆಲ್ಡಿಂಗ್ ಮಾಡಿ ಕೂರಿಸಿಕೊಡುತ್ತೇವೆ ಎನ್ನುವವರಿದ್ದಾರೆ. ಹಾಗೆ ಮಾಡಿಸಿದರೆ ವಾರಂಟಿಗೂ ಅಪಘಾತವಾದಾಗ ವಿಮೆಗೂ ಕುತ್ತು. ಹಿಂದಿನಿಂದ ಯಾರಾದರೂ ಗುದ್ದಿದರೆ ಪೆಟ್ಟು ಬಂಪರಿಗೆ ಬದಲು ನೇರ ಚಾಸಿಗೆ ಬೀಳುತ್ತದೆ.

ಉಳಿದದ್ದು ಡಿಕ್ಕಿಗೆ ಬೆಲ್ಟಿನಿಂದ ಬಿಗಿಯುವ ಕ್ಯಾರಿಯರ್. ಬಿಚ್ಚಿದರೆ ಮಡಚಿ ಮಂಚದ ಕೆಳಗಿಡಬಹುದು. ಅಂಗಡಿಯಲ್ಲಿ ಎರಡು ನಮೂನೆ ಇವೆ. ಹೆಸರಿಲ್ಲದ ಅಗ್ಗದ್ದರ ಕೊಕ್ಕೆಯನ್ನು ಫಿಟ್ಟರ್ ನಮ್ಮ ಕೈಗೆ ಕೊಡುತ್ತಾನೆ. ರಬ್ಬರು ಹೊದಿಕೆ ತೆಳ್ಳಗಿದೆ, ಮಡಿಕೆಯಲ್ಲಿ ಆಗಲೇ ಬಿರುಕು. ಒಳಗಿನ ಕಬ್ಬಿಣ ಬಣ್ಣಕ್ಕೆ ತಾಗಿದರೆ ಮೊದಲ ದಿನವೇ ಗೀರು, ಮಳೆಗಾಲ ಬಂದರೆ ತುಕ್ಕು. ಇನ್ನೊಂದರ ಕೊಕ್ಕೆ ಅಗಲವಾಗಿದೆ, ಹೊದಿಕೆ ದಪ್ಪಗಿದೆ. ಬೆಲ್ಟಿನ ಬಕಲ್ಲನ್ನು ಎಳೆದು ಬಿಟ್ಟರೆ ಒಂದಿಷ್ಟೂ ಜಾರುವುದಿಲ್ಲ. ಬೆಲೆ ಹಲವು ಪಟ್ಟು ಹೆಚ್ಚು.

ಈಗ ಕಾರಿನ ಹಿಂಬದಿಯ ತಪಾಸಣೆ. ಡಿಕ್ಕಿಯ ಮೇಲಂಚಿನಲ್ಲಿ ಪ್ಲಾಸ್ಟಿಕ್ ಸ್ಪಾಯ್ಲರ್ ಇದೆ. ಮೇಲಿನ ಬೆಲ್ಟು ಅದರ ಮೇಲೆ ಹಾದರೆ ಮೂವತ್ತು ಕಿಲೋ ಭಾರಕ್ಕೆ ಅದು ಬಿರಿಯುವುದು ಖಂಡಿತ. ಫಿಟ್ಟರ್ ಡಿಕ್ಕಿ ತೆರೆದು ಸ್ಪಾಯ್ಲರಿನ ಎರಡೂ ಬದಿಯ ಸಂದಿಗೆ ಬೆರಳು ತೂರಿಸಿ, ಲೋಹದ ಮಡಿಕೆ ಎಲ್ಲಿ ಶುರುವಾಗುತ್ತದೆಂದು ತಡವಿ ನೋಡುತ್ತಾನೆ. ಎಡಕ್ಕೊಂದು, ಬಲಕ್ಕೊಂದು ಜಾಗ ಸಿಗುತ್ತದೆ. ಅಲ್ಲಿಗೆ ಮೇಲಿನ ಕೊಕ್ಕೆ. ಬದಿಗೆ ಎರಡು, ಡಿಕ್ಕಿಯ ಕೆಳಂಚಿಗೆ ಎರಡು. ಕ್ಯಾರಿಯರಿನ ಮೆತ್ತನೆಯ ಕಾಲುಗಳು ಗಾಜಿನ ಮೇಲೆ ಬೀಳದೆ ತಗಡಿನ ಗಟ್ಟಿ ಅಂಚಿನ ಮೇಲೆ ಊರುವಂತೆ ಕೋನ ಬದಲಿಸುತ್ತಾನೆ. ಕೂರಿಸುವ ಮೊದಲು ಆ ಜಾಗವನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾನೆ. “ಧೂಳು ಇದ್ರೆ ಸ್ಯಾಂಡ್‌ಪೇಪರ್ ಹಾಕಿ ಉಜ್ಜಿದಂಗೇ ಮೇಡಂ. ಪ್ರತಿ ಸಲ ಒರೆಸ್ಬೇಕು.”

ಭಾವನ ಎಂಟಿಬಿ ತೋಳುಗಳ ಮೇಲೆ ನೆಟ್ಟಗೆ ಕೂರುತ್ತದೆ. ಅಕ್ಕನದು ಕೂರುವುದಿಲ್ಲ.

“ನನ್ನದಕ್ಕೆ ಮೇಲ್ಗಡೆ ಪೈಪೇ ಇಲ್ವಲ್ಲೋ,” ಎನ್ನುತ್ತಾಳೆ ಅಕ್ಕ. ದನಿಯಲ್ಲಿ ಆತಂಕ. ಈ ಬಗೆಯ ಕ್ಯಾರಿಯರ್ ಸೈಕಲ್ಲನ್ನು ನೇತುಹಾಕುವುದೇ ಮೇಲಿನ ಅಡ್ಡಪೈಪಿನಿಂದ. ತಗ್ಗಿದ ಫ್ರೇಮಿನ ಸೈಕಲ್ ಅಲ್ಲಿ ವಾಲಿ, ಹ್ಯಾಂಡಲ್ ಗಾಜಿಗೆ ಬಡಿಯುತ್ತದೆ. ಫಿಟ್ಟರ್ ಒಳಗಿನಿಂದ ಒಂದು ಸರಳು ತರುತ್ತಾನೆ. ಒಂದು ತುದಿಯ ಕೊಕ್ಕೆ ಸೀಟಿನ ಕಂಬಕ್ಕೆ, ಇನ್ನೊಂದು ತುದಿ ಹ್ಯಾಂಡಲ್ಲಿನ ಕತ್ತಿಗೆ. ನಡುವೆ ಹೊಸ ಅಡ್ಡಪೈಪು ಹುಟ್ಟುತ್ತದೆ. ಹೆಂಗಸರ ಸೈಕಲ್, ಮಕ್ಕಳ ಸೈಕಲ್ ಇರುವ ಮನೆಯವರು ಕ್ಯಾರಿಯರಿನ ಜೊತೆಗೇ ಈ ಸರಳನ್ನೂ ಕೇಳಿ ತರಬೇಕು. ಕಾರ್ಬನ್ ಫ್ರೇಮಿನವರ ಸಂಗತಿಯೇ ಬೇರೆ: ಪೈಪನ್ನು ಬಿಗಿಹಿಡಿಯುವ ಯಾವ ಕ್ಲಾಂಪೂ ಕಾರ್ಬನ್ನಿಗೆ ಅಪಾಯ. ಮುಂಚಕ್ರ ಬಿಚ್ಚಿ ಫೋರ್ಕನ್ನು ಹಿಡಿಸುವ ಇಲ್ಲವೇ ಚಕ್ರವನ್ನಷ್ಟೇ ಒತ್ತಿ ಹಿಡಿಯುವ ಕ್ಯಾರಿಯರ್ ಅವರಿಗೆ ಕ್ಷೇಮ.

ಎರಡೂ ಸೈಕಲ್ ಏರಿದ ಮೇಲೆ ನಾನು ಹತ್ತು ಹೆಜ್ಜೆ ಹಿಂದೆ ಹೋಗಿ ನೋಡುತ್ತೇನೆ. ಎಂಟಿಬಿಯ ಉದ್ದ 1.8 ಮೀಟರ್, ಕಾರಿನ ಅಗಲ ಅದಕ್ಕಿಂತ ತುಸು ಕಡಿಮೆ. ಎರಡೂ ಬದಿ ಟೈರು ಇಣುಕುತ್ತಿದೆ. ಬಲಗಡೆಯ ಬ್ರೇಕ್ ಲೈಟ್ ಚಕ್ರದ ಹಿಂದೆ ಮರೆ. ನಂಬರ್ ಪ್ಲೇಟಿನ ಕೊನೆಯ ಎರಡು ಅಂಕಿ ಪೆಡಲಿನ ಹಿಂದೆ. ಮೋಟಾರು ವಾಹನ ಕಾಯ್ದೆಗೆ 2019ರ ತಿದ್ದುಪಡಿ ತಂದ 194(1ಎ) ಸೆಕ್ಷನ್ನಿನ ಪ್ರಕಾರ, ಹೊರೆ ಪಕ್ಕಕ್ಕೋ ಹಿಂದಕ್ಕೋ ಎತ್ತರಕ್ಕೋ ಮಿತಿ ಮೀರಿ ಚಾಚಿದರೆ 20,000 ರೂಪಾಯಿ ದಂಡ. ಮರೆಯಾದ ನಂಬರಿಗೆ ರಟ್ಟಿನ ಮೇಲೆ ಬರೆದು ತೂಗುಹಾಕುವುದೂ ಪರಿಹಾರವಲ್ಲ, ಈಗ ಬೇಕಿರುವುದು ಹೈ ಸೆಕ್ಯುರಿಟಿ ಪ್ಲೇಟೇ. ದಂಡದ ಮಾತು ಹಾಗಿರಲಿ, ನಸುಕಿನಲ್ಲಿ ಹಿಂದಿನ ಲಾರಿಯವನಿಗೆ ನಮ್ಮ ಬ್ರೇಕ್ ಲೈಟ್ ಕಾಣದಿದ್ದರೆ ಏನಾದೀತೆಂದು ಯಾರೂ ಬಿಡಿಸಿ ಹೇಳಬೇಕಿಲ್ಲ.

ಪರಿಹಾರ ಕೈಯಳತೆಯಲ್ಲೇ ಇದೆ. ಎರಡೂ ಸೈಕಲ್ಲಿನ ಮುಂಚಕ್ರ ಬಿಚ್ಚಿ ಕಾರಿನೊಳಗೆ ಹಾಕುತ್ತೇವೆ. ಉದ್ದ ಒಂದೂವರೆ ಮೀಟರಿಗೆ ಇಳಿಯುತ್ತದೆ, ಚಾಚಿದ್ದೆಲ್ಲ ಒಳಗೆ ಬರುತ್ತದೆ. ಭಾವನ ಡಿಸ್ಕ್ ಬ್ರೇಕಿನ ಪ್ಯಾಡುಗಳ ನಡುವೆ ಫಿಟ್ಟರ್ ಪ್ಲಾಸ್ಟಿಕ್ ಬಿಲ್ಲೆ ಸಿಕ್ಕಿಸುತ್ತಾನೆ. ಚಕ್ರವಿಲ್ಲದಾಗ ಯಾರಾದರೂ ಲಿವರ್ ಒತ್ತಿದರೆ ಪ್ಯಾಡುಗಳು ಒಂದಕ್ಕೊಂದು ಅಂಟಿಕೊಂಡು, ಮತ್ತೆ ಚಕ್ರ ಹಾಕಲು ಪರದಾಡಬೇಕಾಗುತ್ತದೆ. ಕ್ಯಾರಿಯರಿನ ತೋಳನ್ನು ಒಂದು ಹಲ್ಲು ಮೇಲಕ್ಕೇರಿಸಿ, ಪೆಡಲ್ ತಿರುಗಿಸಿ ಬೆಲ್ಟಿನಿಂದ ಕಟ್ಟುತ್ತಾನೆ. ನಂಬರ್ ಪೂರ್ತಿ ಓದಲು ಬರುತ್ತದೆ, ಲೈಟುಗಳೆರಡೂ ಕಾಣುತ್ತವೆ. ಭಾವ ಆಗ ದುಡ್ಡು ಕೊಡುತ್ತಾನೆ.

ಭಾನುವಾರ, ಇನ್ನೂ ಕತ್ತಲು. ಬೇಸ್‌ಮೆಂಟಿನ ಟ್ಯೂಬ್‌ಲೈಟಿನ ಕೆಳಗೆ ಅಕ್ಕ ಡಿಕ್ಕಿ ಒರೆಸುತ್ತಿದ್ದಾಳೆ. ನೀರಿನ ಬಾಟಲಿ, ಪಂಪು, ಹೆಲ್ಮೆಟ್ ಎಲ್ಲ ಹಿಂದಿನ ಸೀಟಿಗೆ, ಏಕೆಂದರೆ ಸೈಕಲ್ ಏರಿದ ಮೇಲೆ ಡಿಕ್ಕಿ ತೆರೆಯಲಾಗದು. ಎರಡರಲ್ಲಿ ಭಾರದ್ದು, ಅಂದರೆ ಅಕ್ಕನದು, ಮೊದಲು, ಕಾರಿಗೆ ಹತ್ತಿರ. ಭಾವನದು ಹೊರಗೆ, ಹ್ಯಾಂಡಲ್ ವಿರುದ್ಧ ದಿಕ್ಕಿಗೆ. ಪೆಡಲ್ಲು ಫ್ರೇಮಿಗೆ ಉಜ್ಜುವ ಕಡೆ ಹಳೆಯ ಟ್ಯೂಬಿನ ತುಂಡು ಸುತ್ತುತ್ತೇನೆ. ಕೆಳಗೆ ತೂಗುವ ಹಿಂಚಕ್ರ ಸೈಲೆನ್ಸರಿನ ನೇರಕ್ಕೆ ಬಂದಿದೆಯೇ ಎಂದು ಬಗ್ಗಿ ನೋಡುತ್ತೇನೆ. ಬಿಸಿ ಹೊಗೆ ಅರ್ಧ ಗಂಟೆ ತಾಗಿದರೆ ಟೈರು ಕೆಡುತ್ತದೆ. ಬೆಲ್ಟುಗಳ ಬಾಲ ಗಾಳಿಗೆ ಬಡಿಯದಂತೆ ಗಂಟು. ಕೊನೆಗೆ ಸೈಕಲ್ಲನ್ನು ಹಿಡಿದು ಜೋರಾಗಿ ಅಲ್ಲಾಡಿಸಿದರೆ ಇಡೀ ಕಾರು ಅಲುಗಬೇಕು, ಸೈಕಲ್ ಮಾತ್ರ ಅಲುಗಬಾರದು. ಕಾರು ಅಲುಗುತ್ತದೆ.

ಹೊರಟ ಮೇಲೆ ಒಳಗಿನ ಕನ್ನಡಿಯ ತುಂಬ ಸೈಕಲ್ಲೇ. ಭಾವ ಪಕ್ಕದ ಕನ್ನಡಿಗಳನ್ನು ನೆಚ್ಚಿಕೊಳ್ಳುತ್ತಾನೆ. ಮೊದಲ ಹಂಪಿಗೆ ಹಿಂದಿನಿಂದ ಒಂದು ಕಿರುಗುಟ್ಟುವಿಕೆ, ಎರಡನೆಯದಕ್ಕೆ ಇನ್ನೊಂದು. ಮೇಖ್ರಿ ಸರ್ಕಲ್ ದಾಟಿ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಇಳಿಯುತ್ತೇವೆ. ಮೇಲಿನ ನಾಲ್ಕು ಬೆಲ್ಟು ಹಾಗೇ ಇವೆ. ಕೆಳಗಿನವುಗಳಲ್ಲಿ ಎಡಗಡೆಯದರ ಅಡಿಗೆ ಬೆರಳು ಸಲೀಸಾಗಿ ಹೋಗುತ್ತದೆ. ಹೊಸ ಬೆಲ್ಟು ಹಂಪುಗಳ ಹೊಡೆತಕ್ಕೆ ಹಿಗ್ಗಿದೆ. ಅಕ್ಕ ಎಳೆದು ಬಿಗಿಯುತ್ತಾಳೆ. ಹೆಬ್ಬಾಳ ದಾಟಿದ ಮೇಲೆ ಭಾವ ವೇಗವನ್ನು 80 ಮೀರಿಸುವುದಿಲ್ಲ. ಪಕ್ಕದಲ್ಲಿ ಲಾರಿಯೊಂದು ನುಗ್ಗಿ ಹೋದಾಗ ಗಾಳಿಯ ತಳ್ಳಾಟ ಸ್ಟೀರಿಂಗಿನಲ್ಲಿ ಗೊತ್ತಾಗುತ್ತದೆ, ಹಿಂದೆ ಸೈಕಲ್ಲುಗಳು ಮಿಸುಕುವುದಿಲ್ಲ. ಸಾದಹಳ್ಳಿ ಟೋಲ್, ದೇವನಹಳ್ಳಿ. ತಿಂಡಿಗೆ ನಿಲ್ಲಿಸಿದ ಹೋಟೆಲಿನಲ್ಲಿ ಕಾರು ಕಣ್ಣಿಗೆ ಬೀಳುವ ಮೇಜನ್ನೇ ಹಿಡಿಯುತ್ತೇವೆ. ಬೆಲ್ಟು ಕತ್ತರಿಸಲು ಚಾಕು ಸಾಕು, ಇದು ಈ ಬಗೆಯ ಕ್ಯಾರಿಯರಿನ ದೊಡ್ಡ ಕೊರತೆ. ಒಂದು ಉದ್ದನೆಯ ಕೇಬಲ್ ಲಾಕನ್ನು ಎರಡೂ ಫ್ರೇಮಿನೊಳಗೆ ತೂರಿಸಿಯೇ ಹೋಗಬೇಕು.

ನಂದಿ ಗ್ರಾಮದಲ್ಲಿ ಸೈಕಲ್ ಇಳಿಸಿ ಚಕ್ರ ಹಾಕುತ್ತೇವೆ. ಭಾವ 1,478 ಮೀಟರ್ ಎತ್ತರದ ಬೆಟ್ಟದತ್ತ ತಿರುಗುತ್ತಾನೆ. ಅಕ್ಕ ಭೋಗನಂದೀಶ್ವರ ದೇವಸ್ಥಾನದ ಮುಂದಿನಿಂದ ದ್ರಾಕ್ಷಿ ತೋಟಗಳ ರಸ್ತೆ ಹಿಡಿದು, ಒಮ್ಮೆಯೂ ಹಿಂದಕ್ಕೆ ನೋಡದೆ ಪೆಡಲ್ ತುಳಿಯುತ್ತ ಹೊರಟೇಬಿಡುತ್ತಾಳೆ.

ನನ್ನ ತೀರ್ಮಾನ ಇಷ್ಟು. ಸಣ್ಣ ಕಾರು, ಸಾಮಾನ್ಯ ಫ್ರೇಮಿನ ಎರಡು ಸೈಕಲ್, ಆಗಾಗ ಒಂದು ಪ್ರವಾಸ ಎಂದರೆ ಡಿಕ್ಕಿಗೆ ಬಿಗಿಯುವ ಒಳ್ಳೆಯ ಕ್ಯಾರಿಯರ್ ಸಾಕು. ದುಬಾರಿ ಸೈಕಲ್ಲು, ಪದೇ ಪದೇ ದೂರದ ಪಯಣ, ನಿಜವಾದ ರೂಫ್ ರೈಲ್ ಮತ್ತು ತೆರೆದ ಪಾರ್ಕಿಂಗ್ ಇದ್ದವರಿಗೆ ಛಾವಣಿಯ ಮೇಲಿನದು ಮೇಲು. ಸ್ಟೆಪ್ನಿ ಹಿಂದಿರುವ ಗಾಡಿಯವರು ಬೇರೆಡೆ ಹುಡುಕಬೇಕಿಲ್ಲ. ಯಾವುದೇ ಇರಲಿ, ಕ್ಯಾರಿಯರನ್ನು ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಕೊಳ್ಳಬೇಡಿ. ಕಾರನ್ನೂ ಸೈಕಲ್ಲುಗಳನ್ನೂ ಅಂಗಡಿಗೆ ಕೊಂಡೊಯ್ಯಿರಿ, ಅಲ್ಲೇ ಏರಿಸಿ ನೋಡಿ, ಹತ್ತು ಹೆಜ್ಜೆ ಹಿಂದೆ ನಿಂತು ನಂಬರ್ ಪ್ಲೇಟ್ ಓದಿ, ಆಮೇಲೆ ದುಡ್ಡು ಕೊಡಿ. ಮನೆಯಲ್ಲಿ ಸೈಕಲ್ ಎತ್ತುವವರು ಯಾರೋ ಅವರ ಕೈಯಲ್ಲೇ ಎತ್ತಿಸಿ ನೋಡಿ. ಹೊರಟ ಮೇಲೆ ಮೊದಲ ಹತ್ತು ಕಿಲೋಮೀಟರ್ ಮುಗಿಯುತ್ತಲೇ ಕಾರು ನಿಲ್ಲಿಸಿ, ಇಳಿದು, ಪ್ರತಿ ಬೆಲ್ಟನ್ನೂ ಕೈಯಾರೆ ಎಳೆದು ನೋಡಿ.