ಸ್ಟ್ಯಾಂಡ್ ಇಲ್ಲದ ಸೈಕಲ್ಲು

ನನ್ನ ಸೈಕಲ್ಲಿಗೆ ಸ್ಟ್ಯಾಂಡ್ ಇಲ್ಲ. ಹಾಗಾಗಿ ಶಿರಸಿ ಸೀಮೆಯ ಮಣ್ಣುದಾರಿಯಲ್ಲಿ ಎಲ್ಲಿ ಇಳಿದರೂ ನಾನು ಮೊದಲು ಹುಡುಕುವುದು ಅದನ್ನು ಒರಗಿಸಲಿಕ್ಕೊಂದು ಆಸರೆ. ಒಮ್ಮೆ ಹಲಸಿನ ಮರ, ಒಮ್ಮೆ ರಸ್ತೆಬದಿಯ ದರೆ, ಒಮ್ಮೆ ಯಾರದೋ ಮನೆಯ ದಣಪೆ. ಒರಗಿಸಿದ ಕೂಡಲೇ ಆ ಜಾಗದೊಂದಿಗೆ ಸಣ್ಣದೊಂದು ಋಣ ಹುಟ್ಟಿಕೊಳ್ಳುತ್ತದೆ. ಮರಕ್ಕೆ ಒರಗಿಸಿದರೆ ಎರಡು ನಿಮಿಷ ಅದರ ನೆರಳಲ್ಲಿ ಕೂರದೆ ಹೊರಡಲು ಸಂಕೋಚ. ದಣಪೆಗೆ ಒರಗಿಸಿದರಂತೂ ಮುಗಿಯಿತು. ಅಂಗಳದ ನಾಯಿ ಬೊಗಳುತ್ತದೆ, ನಾಯಿಯ ಹಿಂದೆ ಯಜಮಾನರು ಬರುತ್ತಾರೆ, ಯಜಮಾನರ ಹಿಂದೆ ಒಂದು ಲೋಟ ಬರುತ್ತದೆ.

ಈ ಜಾತಿಯ ಸೈಕಲ್ಲಿಗೆ ಗ್ರಾವೆಲ್ ಬೈಕ್ ಎಂದು ಹೆಸರು. ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲ್ ನೋಡಿದರೆ ರೇಸಿನದು, ಸುಮಾರು 40 ಮಿಲಿಮೀಟರ್ ಅಗಲದ ಟೈರು ನೋಡಿದರೆ ಹಳ್ಳಿಯದು. ಒಳಗೆ ಟ್ಯೂಬಿಲ್ಲ. ರೇಸಿನ ಸೈಕಲ್ಲಿಗೆ ತುಂಬುವ ಗಾಳಿಯ ಅರ್ಧವೇ ಸಾಕು; ಟೈರು ಮೆತ್ತಗಿದ್ದಷ್ಟೂ ಕಲ್ಲಿಗೆ ಎಗರಿ ಬೀಳದೆ ಅದನ್ನು ಅಪ್ಪಿ ದಾಟುತ್ತದೆ. ಅಮೆರಿಕದ ಕ್ಯಾನ್ಸಸ್ಸಿನಲ್ಲಿ ಚಕಮಕಿ ಕಲ್ಲಿನ ಗುಡ್ಡಗಳಿವೆ. ಅಲ್ಲಿಯ ಮಣ್ಣುರಸ್ತೆಗಳ ಮೇಲೆ 2006ರಲ್ಲಿ 200 ಮೈಲಿಯ ಪಂದ್ಯವೊಂದು ಶುರುವಾಗಿ, ಈ ಸೈಕಲ್ಲಿಗೆ ದೊಡ್ಡ ಹೆಸರು ತಂದಿತು. ನನ್ನ ಬಾಲ್ಯದ ಪೋಸ್ಟ್‌ಮ್ಯಾನ್ ಖಾಕಿ ಚೀಲ ನೇತುಹಾಕಿಕೊಂಡು ಅಂಥದೇ ದಾರಿಯಲ್ಲಿ ದಿನವೂ ಓಡಾಡುತ್ತಿದ್ದರು. ಅವರಿಗೆ ಯಾರೂ ಪದಕ ಕೊಡಲಿಲ್ಲ, ಮನಿಯಾರ್ಡರ್ ತಂದ ದಿನ ಮಜ್ಜಿಗೆ ಕೊಟ್ಟರು.

ಗ್ರಾವೆಲ್ ಎಂಬ ಒಂದು ಮಾತಿಗೆ ನಮ್ಮಲ್ಲಿ ಒಂದು ಬುಟ್ಟಿ ಮಾತುಗಳಿವೆ. ಒಡೆದು ಹಾಸಿದ್ದು ಜಲ್ಲಿ, ಈ ಕಡೆಯವರ ಬಾಯಲ್ಲಿ ಖಡಿ. ಮಣ್ಣಿನೊಡನೆ ಬೆರೆತೇ ಹುಟ್ಟಿದ್ದು ಗರಸು. ಬಿಳಿಯಾಗಿ ಹೊಳೆಯುವುದು ಬೆಣಚು. ಚಪ್ಪಲಿಯೊಳಗೆ ಸೇರಿ ಪ್ರಾಣ ತಿನ್ನುವುದು ನೊರಜು. ನಿಘಂಟಿನಲ್ಲಿ ಇವೆಲ್ಲ ನೆಂಟರಂತೆ ಕಾಣುತ್ತವೆ, ಅಂಗೈಗೆ ಮಾತ್ರ ಬೇರೆ ಬೇರೆಯೇ. ಖಡಿಯ ಮೇಲೆ ಹತ್ತು ನಿಮಿಷ ಹೋದರೆ ಹ್ಯಾಂಡಲ್ ಹಿಡಿದ ಕೈಗೆ ಜೋಮು. ಗರಸಿನ ಮೇಲೆ ಅವಲಕ್ಕಿ ಹುರಿದಂಥ ಹದವಾದ ಸದ್ದು. ಬೆಣಚು ಚಕ್ರದಡಿಯಿಂದ ಚಿಮ್ಮಿ ಮೊಣಕಾಲ ಗಂಟನ್ನು ಹುಡುಕಿಕೊಂಡು ಬರುತ್ತದೆ.

ಇವೆಲ್ಲಕ್ಕಿಂತ ನನಗೆ ಪ್ರೀತಿ ಕೆಂಪು ಜಂಬಿಟ್ಟಿಗೆಯ ದಾರಿ. 1801ರಲ್ಲಿ ಶಿರಸಿಯ ಪಕ್ಕದ ಸೋಂದೆ ಸೀಮೆಯನ್ನು ಹಾದುಹೋದ ಫ್ರಾನ್ಸಿಸ್ ಬುಕನನ್, ಅದಕ್ಕೂ ಮುಂಚೆ ಮಲಬಾರಿನ ಅಂಗಾಡಿಪುರದಲ್ಲಿ ಜನ ಈ ಕಲ್ಲನ್ನು ನೆಲದಿಂದ ಮೆತ್ತಗೆ ಕೊಯ್ದು ತೆಗೆಯುವುದನ್ನೂ, ಗಾಳಿಗೆ ಒಡ್ಡಿದ ಮೇಲೆ ಅದು ಗಟ್ಟಿಯಾಗುವುದನ್ನೂ ಕಂಡಿದ್ದ. 1807ರಲ್ಲಿ ಅಚ್ಚಾದ ತನ್ನ ಪ್ರವಾಸಗ್ರಂಥದಲ್ಲಿ ಅದಕ್ಕೆ ಲ್ಯಾಟರೈಟ್ ಎಂದು ನಾಮಕರಣ ಮಾಡಿದ. ಲ್ಯಾಟಿನ್ನಿನಲ್ಲಿ ಲೇಟರ್ ಎಂದರೆ ಇಟ್ಟಿಗೆ. ಜಂಬಿಟ್ಟಿಗೆ ಎನ್ನುವವರ ಬಾಯಲ್ಲೂ ಇಟ್ಟಿಗೆ ಇದ್ದೇ ಇದೆ. ಕೊಯ್ಯುವ ಕೈ ಒಂದೇ ಆದರೆ ಹುಟ್ಟುವ ಹೆಸರೂ ಒಂದೇ ಆಗುತ್ತದೇನೋ.

ಒಂದು ದಿನ ಜನವರಿಯ ಚಳಿಯಲ್ಲಿ ಶಿರಸಿ ಬಿಟ್ಟೆ. ಯಲ್ಲಾಪುರದ ರಸ್ತೆಯಿಂದ ಒಳದಾರಿಗೆ ಹೊರಳಿದ್ದೇ ತಡ, ಡಾಂಬರು ಮುಗಿದು ಕಾಡು ಶುರು. ಕಾಡೆಂದರೆ ಯಾರೂ ಕಾಲಿಡದ ಕಾಡಲ್ಲ. ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟ, ಮೇಲೆ ಗುಡ್ಡದಲ್ಲಿ ಸೊಪ್ಪಿನ ಬೆಟ್ಟ. ಒಂದೆಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಬೆಟ್ಟವೆಂದು ಬ್ರಿಟಿಷರ ಕಾಲದಲ್ಲಿ ಗೊತ್ತಾದ ಲೆಕ್ಕ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ ಹೋಗಿ, ಗೊಬ್ಬರವಾಗಿ ತೋಟಕ್ಕೆ ಇಳಿಯುತ್ತದೆ. ಮರವಿದ್ದರೆ ಮನೆ ಎಂಬುದು ಇಲ್ಲಿ ಗಾದೆಯಲ್ಲ, ಜಮಾಖರ್ಚು. 1983ರ ಸೆಪ್ಟೆಂಬರ್ 8ರಂದು ಇದೇ ತಾಲೂಕಿನ ಸಾಲ್ಕಣಿಯ ಜನ ಕೊಡಲಿಗೆ ಅಡ್ಡ ನಿಂತು ಮರಗಳನ್ನು ಅಪ್ಪಿಕೊಂಡದ್ದು, ಅದು ಅಪ್ಪಿಕೋ ಚಳವಳಿಯಾದದ್ದು, ಈ ಲೆಕ್ಕ ಗೊತ್ತಿದ್ದವರಿಗೆ ಅಚ್ಚರಿಯೇನಲ್ಲ.

ಜನವರಿ ದರಕಿನ ಕಾಲ. ಉದುರಿದ ಒಣಎಲೆಗೆ ಇಲ್ಲಿ ದರಕು ಎನ್ನುತ್ತಾರೆ. ಹೆಂಗಸರು ಅದನ್ನು ಗುಡಿಸಿ, ದೊಡ್ಡ ಹೊರೆ ಕಟ್ಟಿ ಹೊರುತ್ತಾರೆ. ಹಿಂದಿನಿಂದ ನೋಡಿದರೆ ಮನುಷ್ಯರು ಕಾಣುವುದಿಲ್ಲ, ಎಲೆಯ ಗುಡ್ಡವೊಂದು ಎರಡು ಪಾದದ ಮೇಲೆ ನಡೆದಂತೆ. ನನ್ನ ಸೈಕಲ್ಲಿಗೆ ಬೆಲ್ಲೂ ಇಲ್ಲ. ಇಳಿಜಾರಿನಲ್ಲಿ ಸದ್ದಿಲ್ಲದೆ ಬಂದವನು "ಅಮ್ಮಾ, ಸೈಕಲ್ ಬಂತು!" ಎಂದು ಕೂಗಿದೆ. ಎಲೆಯ ಗುಡ್ಡ ನಿಂತಿತು. ಅದರೊಳಗಿಂದ, "ಬರ್ಲಿ ಬಿಡಿ, ನಾ ಎಂತ ಹಿಡ್ಕಂಡಿದ್ನಾ?" ಎಂಬ ಉತ್ತರ ಬಂತು. ಬೆಲ್ಲು ಇದ್ದಿದ್ದರೆ ಟ್ರಿಣ್ ಎಂದು ದಾಟಿ ಹೋಗುತ್ತಿದ್ದೆ. ಈಗ ಇಬ್ಬರೂ ನಕ್ಕೆವು.

ಮಡ್‌ಗಾರ್ಡೂ ಇಲ್ಲ. ಎರಡು ಹಳ್ಳ ದಾಟುವಷ್ಟರಲ್ಲಿ ಒದ್ದೆ ಚಕ್ರ ಕೆಮ್ಮಣ್ಣು ಎತ್ತಿ, ಸೊಂಟದಿಂದ ಕುತ್ತಿಗೆಯವರೆಗೆ ನನ್ನ ಬೆನ್ನಿಗೊಂದು ನಾಮ ಬರೆದಿತ್ತು. ಅದನ್ನು ತೊಳೆಯುವ ನೆಪದಲ್ಲಿ ಮೂರನೆಯ ಹಳ್ಳದ ಗುಂಡಿಗೆ ಇಳಿದೆ. ಬಂಡೆಗಳ ನಡುವೆ ಎದೆಮಟ್ಟದ ನೀರು. ಮೇಲೆ ನಿಂತು ನೋಡಿದರೆ ಹಸಿರು, ಒಳಗಿಳಿದರೆ ಬಣ್ಣವೇ ಇಲ್ಲ. ಹೆಬ್ಬೆರಳ ಉಗುರು ಕೂಡ ಸ್ಪಷ್ಟ. ಮೊದಲ ಮುಳುಗಿಗೆ ಉಸಿರು ಸಿಕ್ಕಿಕೊಳ್ಳುವ ಚಳಿ, ಎರಡನೆಯದಕ್ಕೆ ಬೈಗುಳ, ಮೂರನೆಯದಕ್ಕೆ ಸುಖ. ಅಲ್ಲಾಡದೆ ಕೂತರೆ ಸಣ್ಣ ಮೀನುಗಳು ಬಂದು ಕಾಲಿಗೆ ಕಚಗುಳಿ ಇಡುತ್ತವೆ. ಪಕ್ಕದ ಬಂಡೆಯಲ್ಲಿ ಒರಳಿನಂಥ ದುಂಡು ಕುಳಿಗಳಿದ್ದವು. ಕೈ ಹಾಕಿದೆ. ತಳದಲ್ಲಿ ನಾಲ್ಕಾರು ಉರುಟು ಕಲ್ಲು. ಮಳೆಗಾಲದ ಸುಳಿಗೆ ಸಿಕ್ಕಿ ಗರಗರ ತಿರುಗಿ ಬಂಡೆಯನ್ನು ಕೊರೆದದ್ದು ಇವೇ, ಕೊರೆಯುತ್ತ ತಾವೂ ಸವೆದು ನುಣ್ಣಗಾದದ್ದೂ ಇವೇ. ಬೆಳಗಿನಿಂದ ನನ್ನ ಅಂಗೈಯನ್ನು ಹಣ್ಣುಮಾಡಿದ್ದ ಖಡಿಗೂ ಇವಕ್ಕೂ ನಡುವೆ ಇದ್ದದ್ದು ಒಂದಷ್ಟು ಸಾವಿರ ಮಳೆಗಾಲ.

ಮುಂದೆ ಶಾಲ್ಮಲೆಯ ಸಹಸ್ರಲಿಂಗ. ಸೋದೆಯ ಅರಸ ಸದಾಶಿವರಾಯನ ಕಾಲದಲ್ಲಿ, 1678ರಿಂದ 1718ರ ನಡುವೆ, ಹೊಳೆಯ ಬಂಡೆಗಳ ಮೇಲೆ ಕಡೆಸಿದ ಲಿಂಗಗಳು, ಎದುರಿಗೆ ನಂದಿಗಳು. ಮಳೆಗಾಲದಲ್ಲಿ ಹೊಳೆಯೇ ಅಭಿಷೇಕ ಮಾಡಿ ಎಲ್ಲವನ್ನೂ ಮುಳುಗಿಸುತ್ತದೆ. ನೀರಿಳಿದ ಮೇಲೆ ಒಂದೊಂದಾಗಿ ತಲೆ ಎತ್ತುತ್ತವೆ. ಶಿವರಾತ್ರಿಗೆ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಂದು ನಾನೂ ಒಂದು ಮಿಂಚುಳ್ಳಿಯೂ ಮಾತ್ರ. ಕೆಲವು ನಂದಿಗಳ ಮುಖ ಸವೆದಿತ್ತು. ಕೊಂಬು ಯಾವುದು ಕಿವಿ ಯಾವುದು ತಿಳಿಯದು. ಕುಳಿಯೊಳಗಿನ ಉರುಟು ಕಲ್ಲು ನೆನಪಾಯಿತು. ಉಳಿ ಕಡೆದು ಕೊಟ್ಟದ್ದನ್ನು ಹೊಳೆ ತನ್ನ ರೀತಿಯಲ್ಲಿ ತಿದ್ದುತ್ತಲೇ ಇದೆ. ಅವಸರವಿಲ್ಲದ ಶಿಲ್ಪಿ.

ಸೋಂದೆಗೆ ಬಂದಾಗ ನಡುಹಗಲು. ಸೋದೆ, ಸೋಂದಾ, ಸ್ವಾದಿ, ಎಲ್ಲ ಒಂದೇ ಊರಿನ ಹೆಸರು. ವಾದಿರಾಜರು 1600ರಲ್ಲಿ ವೃಂದಾವನ ಪ್ರವೇಶ ಮಾಡಿದ ಮಠ, ಸ್ವರ್ಣವಲ್ಲಿಯ ಅದ್ವೈತ ಮಠ, ಜೈನ ಮಠ, ಮೂರೂ ಒಂದೇ ಸೀಮೆಯ ಮರಗಳ ನಡುವೆ. ಕಾಳುಮೆಣಸಿನಿಂದ ಸೊಕ್ಕಿದ್ದ ರಾಜಧಾನಿ ಇದು. 1760ರ ದಶಕದಲ್ಲಿ ಹೈದರಾಲಿಯ ಪಡೆ ಬಂದಾಗ ಅರಸುಮನೆತನ ಗೋವೆಯ ಆಶ್ರಯಕ್ಕೆ ಹೋಯಿತು. ಕೋಟೆಯ ಜಂಬಿಟ್ಟಿಗೆ ಮತ್ತೆ ನೆಲಕ್ಕೇ ಇಳಿಯುತ್ತಿದೆ. ಅರಸರು ಹೋದರು, ಮೆಣಸಿನ ಬಳ್ಳಿ ಮಾತ್ರ ಅಡಿಕೆ ಮರವನ್ನು ಬಿಟ್ಟು ಕೆಳಗಿಳಿದಿಲ್ಲ.

ಅಲ್ಲಿಂದ ಮುಂದೆ ಒಂದು ಏರಿನಲ್ಲಿ ನನ್ನ ಕಾಲು ಸೋತಿತು. ಅದೇ ಹೊತ್ತಿಗೆ ಗಾಳಿಯಲ್ಲಿ ಬೆಲ್ಲ ಕಾಯುವ ಪರಿಮಳ. ಮೂಗಿನ ಮಾತು ಕೇಳಿ ಹೊರಳಿದರೆ ಆಲೆಮನೆ. ದಣಪೆಗೆ ಸೈಕಲ್ಲು ಒರಗಿಸಿದೆ. ನಾಯಿ ಬೊಗಳಿತು, ಯಜಮಾನರು ಬಂದರು, ವಯಸ್ಸು ಎಪ್ಪತ್ತರ ಮೇಲೆ. "ಬನ್ನಿ, ಕೂತ್ಕಳಿ. ಆಸ್ರಿಗೆ ಎಂತ ಬೇಕು?" ಎಂದವರು ಉತ್ತರಕ್ಕೆ ಕಾಯದೆ ಚೊಂಬು ತುಂಬ ಕಬ್ಬಿನ ಹಾಲು ತರಿಸಿದರು. ಎರಡನೆಯ ಚೊಂಬಿನ ಹೊತ್ತಿಗೆ ಬಹುವಚನ ಬಿಟ್ಟಿದ್ದರು.

"ತಮಾ, ಇದಕ್ಕೆ ಎಷ್ಟು ಬಿತ್ತು?"

ನಿಜವಾದ ಬೆಲೆಯ ಅರ್ಧ ಹೇಳಿದೆ. ಅಷ್ಟಕ್ಕೇ ಅವರ ಬಾಯೊಳಗಿನ ಕವಳ ನಿಂತುಹೋಯಿತು. ಎದ್ದು ಬಂದು ಒಂದೇ ಕೈಯಲ್ಲಿ ಸೈಕಲ್ಲನ್ನು ಎತ್ತಿ ತೂಗಿದರು. ಸುತ್ತ ಒಂದು ಪ್ರದಕ್ಷಿಣೆ ಬಂದರು.

"ಸ್ಟ್ಯಾಂಡ್ ಇಲ್ಲೆ, ಬೆಲ್ ಇಲ್ಲೆ, ಮಡ್‌ಗಾರ್ಡ್ ಇಲ್ಲೆ, ಕ್ಯಾರಿಯರ್ರೂ ಇಲ್ಲೆ. ಹಂಗಾರೆ ದುಡ್ಡು ಎಂತಕ್ಕೆ ಕೊಟ್ಟೆ?"

ಹಗುರ ಮಾಡಲಿಕ್ಕೆ ಅಜ್ಜಾ ಎಂದೆ. ಭಾರ ಕಡಿಮೆಯಾದಷ್ಟೂ ಬೆಲೆ ಹೆಚ್ಚು ಎಂಬ ವ್ಯಾಪಾರ, ಅಡಿಕೆಯನ್ನು ತೂಕಕ್ಕೆ ಹಾಕಿ ಬದುಕಿದವರಿಗೆ ಅರ್ಥವಾಗಲಿಲ್ಲ. ನನಗೂ ಆ ಕ್ಷಣದಲ್ಲಿ ಅಷ್ಟೇನೂ ಅರ್ಥವಾಗಲಿಲ್ಲ.

ಹೊರಡುವಾಗ ಮನೆಯ ಅಮ್ಮ ಜೋನಿಬೆಲ್ಲದ ಡಬ್ಬಿ ಹಿಡಿದು ಬಂದರು. ಕಟ್ಟುವುದೆಲ್ಲಿ? ಅಜ್ಜನ ಮುಖದಲ್ಲಿ 'ನಾ ಮೊದಲೇ ಹೇಳಿದ್ನಲಾ' ಎಂಬ ಗೆಲುವು. ಕೊನೆಗೆ ದಾರಿ ತೋರಿಸಿದವರೂ ಅವರೇ. ಸೈಕಲ್ಲಿನ ಎರಡು ನೀರಿನ ಬಾಟಲಿಗಳಲ್ಲಿ ಒಂದನ್ನು ಕಿತ್ತು, ನೀರನ್ನು ಬಾಳೆಯ ಬುಡಕ್ಕೆ ಚೆಲ್ಲಿದರು. ಅಮ್ಮ ಬಾಟಲಿಯನ್ನು ತೊಳೆದು ಒರೆಸಿ, ಸೌಟಿನಿಂದ ಜೋನಿಬೆಲ್ಲ ಇಳಿಸಿದರು. ಜೇನಿನ ಬಣ್ಣದ ಎಳೆ, ನಡುವೆ ಕಡಿಯದೆ ಇಳಿಯುತ್ತಿತ್ತು. ದೂರದ ಸವಾರಿಗೆಂದು ಪೇಟೆಯಲ್ಲಿ ಬೆರಳುದ್ದದ ಪೊಟ್ಟಣದಲ್ಲಿ ಮಾರುವ ಸಕ್ಕರೆಯ ಲೇಹ್ಯ ನನ್ನ ಜೇಬಿನಲ್ಲಿತ್ತು. ಅದರ ಬೆಲೆಯನ್ನು ಅಜ್ಜನಿಗೆ ಹೇಳುವ ಧೈರ್ಯ ಮಾಡಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಏರು ಬಂದಾಗಲೆಲ್ಲ ಬಾಟಲಿಗೆ ಬಾಯಿ ಹಚ್ಚಿದೆ. ನೀರಿನ ಹಾಗೆ ಅದು ಕರೆದ ಕೂಡಲೇ ಬರುವುದಿಲ್ಲ. ತಲೆ ಎತ್ತಿ, ಕಾದು, ಆಕಾಶ ನೋಡುತ್ತ ನಿಲ್ಲಬೇಕು. ಹಾಗೆ ನಿಲ್ಲುವಾಗಲೆಲ್ಲ ಸೈಕಲ್ಲಿಗೊಂದು ಮರ ಹುಡುಕಿದೆ. ಉಳಿದ ಬೆಲ್ಲ ಬೆಂಗಳೂರಿನ ಮನೆಯ ದೋಸೆಗೆ ನಾಲ್ಕು ದಿನ ಬಂತು.

ಬಾಟಲಿಯನ್ನು ಮೂರು ಸಲ ತೊಳೆದಿದ್ದೇನೆ. ಆದರೂ ನಿನ್ನೆ ಬೆಳಿಗ್ಗೆ ಕೆಳಗೆ ಹೋದರೆ, ಗೋಡೆಗೆ ಒರಗಿ ನಿಂತ ಸೈಕಲ್ಲಿನ ಮೇಲೆ ಇರುವೆಯ ಸಾಲು. ಗೋಡೆಯಿಂದ ಹ್ಯಾಂಡಲ್ಲಿಗೆ, ಹ್ಯಾಂಡಲ್ಲಿನಿಂದ ಬಾಟಲಿಗೆ. ಸ್ಟ್ಯಾಂಡ್ ಇದ್ದಿದ್ದರೆ ಅವಕ್ಕೆ ಇಷ್ಟು ಹತ್ತಿರದ ದಾರಿ ಸಿಗುತ್ತಿರಲಿಲ್ಲ.